ಎಣಿಕೆ ಮತ್ತು ಅಳತೆ: ಕಂಪೈಲರಿನಲ್ಲಿ ಆದೇಶಗಾತ್ರದ ಅಂದಾಜು

ಕಮಲಾಪುರ, ಹೊಸಪೇಟೆ, ಸಂಡೂರು ಸೀಮೆಯೂ ಸೇರಿದಂತೆ ಉತ್ತರ ಕರ್ನಾಟಕದ ಬೀಸುವ ಪದಗಳಿಗೆ ತ್ರಿಪದಿಯೇ ಮುಖ್ಯ ಆಧಾರ. ಅದರ 11 ಗಣಗಳಲ್ಲಿ 6 ಮತ್ತು 10ನೆಯವು ಬ್ರಹ್ಮಗಣಗಳು, ಉಳಿದವು ವಿಷ್ಣುಗಣಗಳು. ಗಣಗಳ ಸಂಖ್ಯೆ ನಿಶ್ಚಿತವಾದರೂ ಅವುಗಳ ಗಾತ್ರ ನಿಶ್ಚಿತವಲ್ಲ. ಮೂರು ಅಂಶಗಳ ವಿಷ್ಣುಗಣವು 4 ಮಾತ್ರೆಗಳಷ್ಟಿರಬಹುದು, 6 ಮಾತ್ರೆಗಳಷ್ಟೂ ಇರಬಹುದು. ಎಣಿಕೆ ಬೇರೆ, ಅಳತೆ ಬೇರೆ ಎಂಬ ಈ ತಿಳಿವಳಿಕೆ ಗಣಕವಿಜ್ಞಾನದ ಒಂದು ಸಮಸ್ಯೆಯನ್ನು ಅರಿಯಲು ನೆರವಾಗುತ್ತದೆ.

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ಮೆಮೊರಿ ಮಿತವಾಗಿರುವ ಚಿಕ್ಕ ಉಪಕರಣಗಳಿಗೆ ಅದು ಆದಷ್ಟು ಕಿರಿದಾದ ಆದೇಶಮಾಲೆಯನ್ನು ಹೆಣೆಯಬೇಕು. ಎರಡು ರೂಪಗಳಲ್ಲಿ ಯಾವುದು ಕಿರಿದೆಂದು ತೀರ್ಮಾನಿಸಲು ಪ್ರತಿ ಆದೇಶದ ಗಾತ್ರವನ್ನು ಮುಂಚಿತವಾಗಿ ಅಂದಾಜಿಸುವುದು ಅಗತ್ಯ. ಆರ್ಮ್ ಸಂಸ್ಕಾರಕದ ಮೂಲ ಆದೇಶಗಳೆಲ್ಲ 4 ಬೈಟ್‌ಗಳವು. ಅಲ್ಲಿ ಎಣಿಸಿದರೆ ಸಾಕು. ಇಂಟೆಲ್‌ನ ಎಕ್ಸ್86 ಆದೇಶವಾದರೋ 1 ಬೈಟಿನಿಂದ 15 ಬೈಟಿನವರೆಗೆ ವ್ಯಾಪಿಸುತ್ತದೆ. ಇಲ್ಲಿ ಎಣಿಕೆಯನ್ನು ನಂಬುವಂತಿಲ್ಲ. ಆದ್ದರಿಂದ ಆದೇಶಗಳ ಆಯ್ಕೆಯಲ್ಲಿ ಪ್ರತಿಯೊಂದು ವಿನ್ಯಾಸಕ್ಕೂ ಒಂದು ಬೆಲೆಯನ್ನು ಕಟ್ಟಿ, ಒಟ್ಟು ಬೆಲೆ ಕನಿಷ್ಠವಾಗುವ ಜೋಡಣೆಯನ್ನು ಹುಡುಕಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೀತಿ ಶಂಕರ್ ಅವರು ಈ ಬಗೆಯ ಆಯ್ಕೆಯ ವಿಧಾನಗಳ ಮೇಲೆ ಮಹತ್ವದ ಸಂಶೋಧನೆ ನಡೆಸಿದರು. ವೈ.ಎನ್. ಶ್ರೀಕಾಂತ್ ಅವರೊಡನೆ ಅವರು ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಪ್ರಕಟವಾಯಿತು.

ಒಂದೆಡೆಯಿಂದ ಮತ್ತೊಂದೆಡೆಗೆ ಹಾರುವ ಜಿಗಿತದ ಆದೇಶದಲ್ಲಿ ತೊಡಕು ಹೆಚ್ಚು. ಎಕ್ಸ್86ರಲ್ಲಿ ಸಮೀಪದ ಜಿಗಿತಕ್ಕೆ 2 ಬೈಟ್ ಸಾಕು. ಗುರಿ ಸುಮಾರು 128 ಬೈಟ್‌ಗಳ ಆಚೆಗಿದ್ದರೆ ಸಾಮಾನ್ಯವಾಗಿ 5 ಬೈಟ್ ಬೇಕು. ಗಾತ್ರವು ದೂರವನ್ನು ಅವಲಂಬಿಸಿದೆ. ದೂರವು ನಡುವಿನ ಆದೇಶಗಳ ಗಾತ್ರವನ್ನು ಅವಲಂಬಿಸಿದೆ. ಒತ್ತಕ್ಷರದ ಹಿಂದಿನ ಲಘು ಗುರುವಾಗುವಂತೆ, ಮುಂದಿನದನ್ನು ಕಾಣದೆ ಹಿಂದಿನದರ ಅಳತೆ ತಿಳಿಯದು. 1978ರಲ್ಲಿ ಥಾಮಸ್ ಸಿಮಾನ್‌ಸ್ಕಿ ಈ ಸಮಸ್ಯೆಯನ್ನು ಕ್ರಮಬದ್ಧವಾಗಿ ವಿವೇಚಿಸಿದರು. ಎಲ್ಲ ಜಿಗಿತಗಳನ್ನೂ ಕಿರಿದೆಂದು ಭಾವಿಸಿ, ಗುರಿ ಮುಟ್ಟದವನ್ನು ಹಿಗ್ಗಿಸಿ, ಬದಲಾವಣೆ ನಿಲ್ಲುವವರೆಗೆ ಮತ್ತೆ ಮತ್ತೆ ಲೆಕ್ಕಹಾಕುವುದು ಒಂದು ಪರಿಹಾರ. ಗಾತ್ರ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲವಾದ್ದರಿಂದ ಈ ಕ್ರಿಯೆ ಕೊನೆಗೊಳ್ಳಲೇಬೇಕು.

ಅಂದಾಜಿನ ತಪ್ಪುಗಳೆಲ್ಲ ಒಂದೇ ತೆರನಾದವಲ್ಲ. ಜಿಗಿತದ ಲೆಕ್ಕದಲ್ಲಿ ಗಾತ್ರವನ್ನು ಕಡಿಮೆ ಹಿಡಿದರೆ ಆದೇಶವು ಗುರಿ ಮುಟ್ಟದೆ ಪ್ರೋಗ್ರಾಮೇ ಸಿದ್ಧವಾಗದಿರಬಹುದು. ಹೆಚ್ಚು ಹಿಡಿದರೆ ಪ್ರೋಗ್ರಾಮು ಸರಿಯಾಗಿಯೇ ನಡೆಯುತ್ತದೆ, ಆದರೆ ಉಳಿತಾಯದ ಅವಕಾಶ ಕೈತಪ್ಪುತ್ತದೆ. ಲಿನಕ್ಸ್ ಕರ್ನೆಲ್ ಇದಕ್ಕೆ ನಿದರ್ಶನ. ಅದರಲ್ಲಿ ಅಲ್ಲಲ್ಲಿ ನೇರವಾಗಿ ಬರೆದ ಯಂತ್ರಮಟ್ಟದ ಆದೇಶಗಳ ಗಾತ್ರವನ್ನು ಜಿಸಿಸಿ ಕಂಪೈಲರ್ ಸಾಲುಗಳ ಎಣಿಕೆಯಿಂದಲೇ ಊಹಿಸುತ್ತಿತ್ತು. ಸಾಲು ಹಲವಿದ್ದು ಆದೇಶ ಒಂದೆರಡೇ ಇದ್ದ ಫಂಕ್ಷನ್‌ಗಳನ್ನೂ ದೊಡ್ಡವೆಂದು ಬಗೆದು, ಅವನ್ನು ಕರೆದಲ್ಲಿಯೇ ಅಳವಡಿಸದೆ ಬಿಡುತ್ತಿತ್ತು. 2019ರ ಜಿಸಿಸಿ 9ನೆಯ ಆವೃತ್ತಿಯಲ್ಲಿ, ಇಂಥ ಭಾಗವನ್ನು ಕನಿಷ್ಠ ಗಾತ್ರದ್ದೆಂದು ಪರಿಗಣಿಸುವಂತೆ ಪ್ರೋಗ್ರಾಮು ಬರೆಯುವವರೇ ತಿಳಿಸುವ ಸೌಲಭ್ಯ ಒದಗಿತು.

ಹಾಡುಗಾರ್ತಿ ಮಾತ್ರೆ ಕಡಿಮೆಬಿದ್ದಲ್ಲಿ ದನಿಯನ್ನು ಎಳೆದು ಗಣವನ್ನು ತುಂಬಬಲ್ಲಳು. ಯಂತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಆದಕಾರಣ ಜಿಗಿತ ಗುರಿ ಮುಟ್ಟಬೇಕಾದಲ್ಲಿ ಗರಿಷ್ಠ ಮಿತಿಯನ್ನೂ, ಲಾಭನಷ್ಟ ತೂಗುವಲ್ಲಿ ವಾಸ್ತವಕ್ಕೆ ಹತ್ತಿರದ ಅಂದಾಜನ್ನೂ ಬಳಸುವುದು ಉಚಿತ. ಎರಡಕ್ಕೂ ಒಂದೇ ಅಳತೆಗೋಲು ಸಲ್ಲದು.