ಕಾವಲು ನಾಯಿಗಳಿಗೆ ಮಸಾಲೆಯ ಮಾಂಸವನ್ನು ಹಾಕುವುದರಿಂದ ಆಗುವ ಹಾನಿ

ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಗಳಲ್ಲಿ ನಾಯಿಯನ್ನು ಬೇಸಾಯದ ಸ್ವತ್ತಿನಲ್ಲಿ ಎಣಿಸುವ ರೂಢಿಯಿಲ್ಲ. ಎಣಿಸುವುದು ನ್ಯಾಯವಾದೀತು. ಪೈರು ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಮಂದೆಗಳನ್ನು ತರುಬಿಸುವ ಜಮೀನುದಾರರು, ರಾತ್ರಿಯ ಹೊತ್ತು ಮಂದೆಯನ್ನು ಕಾಯುವವರು ಯಾರೆಂಬುದನ್ನು ಬಲ್ಲರು. ಹಂಪಿಯ ಬಂಡೆಗುಡ್ಡಗಳಲ್ಲಿಯೂ ಸಂಡೂರಿನ ಬೆಟ್ಟಗಳಲ್ಲಿಯೂ ಚಿರತೆಗಳುಂಟು. ಹಟ್ಟಿಯ ಒಳ್ಳೆಯ ನಾಯಿಯೊಂದು ಸತ್ತರೆ, ಅದರ ಸ್ಥಾನಕ್ಕೆ ಮರಿಯೊಂದನ್ನು ತಂದು ಕಾವಲಿಗೆ ಪಳಗಿಸುವುದು ನಾಲ್ಕು ದಿನದ ಕೆಲಸವಲ್ಲ. ಅಂತಹ ನಾಯಿಯು ಚಿರತೆಯ ಬಾಯಿಗೆ ಬೀಳದೆ, ಯಜಮಾನನ ಪ್ರೀತಿಯಿಂದಲೇ ಕೆಡುವುದುಂಟು.

ಗ್ರಾಮದೇವತೆಯ ಜಾತ್ರೆಯಲ್ಲಿಯೂ ಮದುವೆಯ ಮರುದಿನದ ಊಟದಲ್ಲಿಯೂ ಉಳಿದ ಮಾಂಸದ ಸಾರು ನಾಯಿಯ ಪಾಲಿಗೆ ಬರುತ್ತದೆ. ಇದು ಹಳೆಯ ಪದ್ಧತಿ. ಇತ್ತೀಚೆಗೆ ಪಟ್ಟಣದ ಅಂಗಡಿಗಳಲ್ಲಿ ಸಾಸೇಜ್, ಹ್ಯಾಮ್ ಮೊದಲಾದ ಹದಮಾಡಿದ ಮಾಂಸಗಳೂ ದೊರೆಯುತ್ತವೆ. ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಗೆ ಬರುವ ಪ್ರವಾಸಿಗಳು ದಯೆಯಿಂದ ಇಂಥದೊಂದು ತುಂಡನ್ನು ನಾಯಿಗೆ ಎಸೆದರೆ ಆಶ್ಚರ್ಯವಿಲ್ಲ. ಸಾರಿನ ತುಂಡಾಗಲಿ, ಪೊಟ್ಟಣದ ತುಂಡಾಗಲಿ, ದೋಷವು ಮಾಂಸದಲ್ಲಿಲ್ಲ. ಮನುಷ್ಯನ ನಾಲಗೆಗಾಗಿ ಅದಕ್ಕೆ ಸೇರಿಸಿದ ಪದಾರ್ಥಗಳಲ್ಲಿದೆ.

ಇವುಗಳಲ್ಲಿ ಮುಖ್ಯವಾದದ್ದು ಈರುಳ್ಳಿ, ಅಂದರೆ ಈ ಸೀಮೆಯ ಉಳ್ಳಾಗಡ್ಡಿ. ಮನುಷ್ಯನಿಗೆ ಹಿತವಾದ ಈ ಗಡ್ಡೆಯು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಅಮೆರಿಕದ ಸೆಬ್ರೆಲ್ ಎಂಬ ವೈದ್ಯರು ೧೯೩೦ರಲ್ಲಿಯೇ, ಈರುಳ್ಳಿ ತಿನ್ನಿಸಿದ ನಾಯಿಗಳಲ್ಲಿ ರಕ್ತಹೀನತೆ ಉಂಟಾಗುವುದನ್ನು ಪ್ರಕಟಿಸಿದರು. ನಾಯಿಯ ತೂಕದ ಇನ್ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಈರುಳ್ಳಿ ಒಮ್ಮೆಗೇ ಹೊಟ್ಟೆಗೆ ಹೋದರೆ ವಿಷದ ಲಕ್ಷಣಗಳು ಕಾಣುತ್ತವೆ. ೨೦ ಕಿಲೋ ತೂಗುವ ನಾಯಿಗೆ ಇದು ೧೦೦ ಗ್ರಾಂ, ಎಂದರೆ ಸಾಧಾರಣ ಗಾತ್ರದ ಒಂದು ಗಡ್ಡೆ. ಕಡಿಮೆ ಪ್ರಮಾಣವಾದರೂ ದಿನವೂ ಬಿದ್ದರೆ ಕೇಡೇ. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿಮಾಡಿದರೂ ವಿಷವು ಹೋಗುವುದಿಲ್ಲ. ಬೆಳ್ಳುಳ್ಳಿಯು ಇದಕ್ಕಿಂತ ತೀಕ್ಷ್ಣವಾದದ್ದು. ಸಾಸೇಜಿನಲ್ಲಿ ಈ ಎರಡರ ಪುಡಿಯೂ ಇರುವುದುಂಟು. ಕಣ್ಣಿಗೆ ಕಾಣದ ಕಾರಣ ಯಾರೂ ಲೆಕ್ಕಕ್ಕೆ ತರುವುದಿಲ್ಲ.

ಇದರ ಕೆಟ್ಟ ಗುಣವೇನೆಂದರೆ, ತಿಂದ ದಿನ ನಾಯಿ ಚೆನ್ನಾಗಿಯೇ ಇರುತ್ತದೆ. ಮೂರರಿಂದ ಐದು ದಿನಗಳ ತರುವಾಯ ಮಂಕಾಗಿ ಮಲಗುತ್ತದೆ, ಒಸಡುಗಳು ಬಿಳಚಿಕೊಳ್ಳುತ್ತವೆ, ಏದುಸಿರು ಬರುತ್ತದೆ, ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಹೊತ್ತಿಗೆ ಜಾತ್ರೆಯ ಚಪ್ಪರವನ್ನೂ ಬಿಚ್ಚಿ ಆಗಿರುತ್ತದೆ. ಹಾವು ಕಡಿಯಿತೆಂದೋ, ಯಾರೋ ವಿಷವಿಕ್ಕಿದರೆಂದೋ ಮಾತು ಹುಟ್ಟಿ, ನೆರೆಹೊರೆಯವರ ಮೇಲೆ ಸಂಶಯ ಬೆಳೆಯುತ್ತದೆ. ಇಂತಹ ವ್ಯಾಜ್ಯಗಳು ಚಾವಡಿಗೆ ಬಂದಾಗ ಗ್ರಾಮದ ಮುಖ್ಯಸ್ಥರು ಮೊದಲು ಐದು ದಿನಗಳ ಹಿಂದಿನ ಊಟವನ್ನು ವಿಚಾರಿಸುವುದು ಲೇಸು.

ಉಪ್ಪಿನ ವಿಷಯದಲ್ಲಿ ಅತಿಭಯ ಬೇಡ. ಬೇಕಾದಷ್ಟು ನೀರು ಸಿಕ್ಕುವ ನಾಯಿಯು ಒಂದೆರಡು ಉಪ್ಪಿನ ತುಂಡನ್ನು ತಡೆದುಕೊಳ್ಳುತ್ತದೆ. ಆದರೆ ಬೇಸಿಗೆಯಲ್ಲಿ, ನೀರಿಲ್ಲದ ಬಯಲಿನಲ್ಲಿ ಕಟ್ಟಿಹಾಕಿದ ನಾಯಿಗೆ ಉಪ್ಪು ಸವರಿ ಒಣಗಿಸಿದ ಮಾಂಸವನ್ನು ಹಾಕಿದರೆ ವಾಂತಿ, ನಡುಕ, ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಕೊಬ್ಬಿನ ಹಾನಿ ಬೇರೆ ಬಗೆಯದು. ಜಿಡ್ಡಿನ ಮಾಂಸವನ್ನು ಒಮ್ಮೆಲೇ ತಿಂದ ನಾಯಿಗೆ ಮೇದೋಜೀರಕ ಗ್ರಂಥಿಯು ಊದಿ, ಹೊಟ್ಟೆನೋವಿನಿಂದ ಮುಂಗಾಲುಗಳನ್ನು ನೆಲಕ್ಕೊತ್ತಿ ಹಿಂಭಾಗವನ್ನು ಎತ್ತಿ ನಿಲ್ಲುವುದುಂಟು. ಬೆಂದ ಮೂಳೆಯು ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ.

ಹದಮಾಡಿದ ಮಾಂಸವು ಅರ್ಬುದರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೊಂದು ೨೦೧೫ರಲ್ಲಿ ಸಾರಿತು. ಅದು ಮನುಷ್ಯರನ್ನು ಕುರಿತ ನಿರ್ಣಯ. ನಾಯಿಗೂ ಹಾಗೆಯೇ ಎಂದು ಹೇಳಲು ಅದು ಆಧಾರವಾಗದು. ಯಜಮಾನನು ತನ್ನ ತಟ್ಟೆಯ ಬಗ್ಗೆ ಯೋಚಿಸಬಹುದು.

ಹಾಗೆಂದು ನಾಯಿಗೆ ಮಾಂಸವೇ ಬೇಡವೆಂದಲ್ಲ. ಒಗ್ಗರಣೆಗೆ ಮುಂಚೆ ಒಂದು ಹಿಡಿ ಮಾಂಸವನ್ನು ಬರಿಯ ನೀರಿನಲ್ಲಿ ಬೇಯಿಸಿ, ಮೂಳೆ ತೆಗೆದು, ಜೋಳದ ರೊಟ್ಟಿಯೊಡನೆ ಕಲಸಿ ಹಾಕಬಹುದು. ಕುರಿ ಕೊಯ್ದ ಸ್ಥಳದಲ್ಲಿ ಹಸಿಯ ಶ್ವಾಸಕೋಶ, ಯಕೃತ್ತುಗಳನ್ನು ನಾಯಿಗೆ ಎಸೆಯುವುದು ಮಾತ್ರ ಇನ್ನೊಂದು ಅನರ್ಥ. ಅವುಗಳಲ್ಲಿನ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ಮಲದ ಮೂಲಕ ಕುರಿಗೂ ಮನುಷ್ಯರಿಗೂ ಅಂಟುತ್ತವೆ. ಅಂತಹ ಅಂಗಗಳನ್ನು ನಾಯಿ ಕೆದಕದಷ್ಟು ಆಳವಾಗಿ ಹೂಳಿಸತಕ್ಕದ್ದು.

ನಾಯಿಯು ಮಸಾಲೆಯ ಮಾಂಸವನ್ನು ಹೆಚ್ಚಾಗಿ ತಿಂದದ್ದು ಕಂಡುಬಂದರೆ, ವಾಂತಿ ಮಾಡಿಸಲು ಉಪ್ಪುನೀರನ್ನು ಕುಡಿಸಬಾರದು. ಆ ಉಪ್ಪೇ ಕೊಲ್ಲಬಲ್ಲದು. ಒಂದೆರಡು ಗಂಟೆಯೊಳಗೆ ಪಶುಚಿಕಿತ್ಸಾಲಯಕ್ಕೆ ಒಯ್ದರೆ ವೈದ್ಯರು ತಕ್ಕ ಔಷಧದಿಂದ ವಾಂತಿ ಮಾಡಿಸಬಲ್ಲರು. ಹೊತ್ತು ಮೀರಿದ್ದರೂ ಕರೆದೊಯ್ದು, ತಿಂದದ್ದೇನು, ಎಷ್ಟು, ಯಾವ ದಿನ ಎಂಬುದನ್ನೂ ನಾಯಿಯ ತೂಕವನ್ನೂ ಹೇಳತಕ್ಕದ್ದು. ಪೊಟ್ಟಣವಿದ್ದರೆ ಅದನ್ನೂ ತೋರಿಸತಕ್ಕದ್ದು.