ಚಿಕ್ಕಪ್ಪ ಮತ್ತು ಅಣ್ಣನ ಮಗ: ಬಾದಾಮಿಯ ಅಂತಃಕಲಹದ ಬಲಾಬಲ

ಬಿಳೇಕಹಳ್ಳಿಯ ನಮ್ಮ ಮನೆಗೆ ಸಂಜೆಯ ಹೊತ್ತು ಪಾಠ ಹೇಳಿಸಿಕೊಳ್ಳಲು ಬರುವ ಹುಡುಗರಲ್ಲಿ ಒಬ್ಬನು ಒಂದು ದಿನ ಹೀಗೆ ಕೇಳಿದನು: "ಸಾರ್, ಕೋಟೆ ಚಿಕ್ಕಪ್ಪನದು, ಸೈನ್ಯ ಚಿಕ್ಕಪ್ಪನದು, ಬೊಕ್ಕಸವೂ ಅವನದೇ. ಹಾಗಿದ್ದೂ ಊರು ಬಿಟ್ಟುಹೋದ ಹುಡುಗನ ಕೈಲಿ ಅವನು ಸೋತದ್ದು ಹೇಗೆ?" ಆಗ ಬಾದಾಮಿ ಚಾಲುಕ್ಯರ ಪಾಠ ನಡೆಯುತ್ತಿತ್ತು. ಆ ಹುಡುಗನ ಮನೆಯಲ್ಲಿ ಬನ್ನೇರುಘಟ್ಟ ರಸ್ತೆಯ ಬದಿಯ ಜಮೀನಿಗಾಗಿ ಚಿಕ್ಕಪ್ಪನಿಗೂ ಅಣ್ಣನ ಮಕ್ಕಳಿಗೂ ವ್ಯಾಜ್ಯ ಹತ್ತಿರುವುದು ನನಗೆ ಅನಂತರ ತಿಳಿಯಿತು. ಪ್ರಶ್ನೆ ಪರೀಕ್ಷೆಗಾಗಿ ಹುಟ್ಟಿದ್ದಲ್ಲ. ಆದುದರಿಂದ ಅಂದು ಹೇಳಿದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತೇನೆ.

ಮೊದಲು ಕಥೆಯನ್ನು ನೆನೆಯೋಣ. 543ರಲ್ಲಿ ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟಿದವನು ಒಂದನೆಯ ಪುಲಕೇಶಿ. ಅವನ ಮಕ್ಕಳು ಕೀರ್ತಿವರ್ಮ ಮತ್ತು ಮಂಗಳೇಶ. ಕೀರ್ತಿವರ್ಮನು ತೀರಿಕೊಂಡ ಮೇಲೆ ರಾಜ್ಯವು ತಮ್ಮನಾದ ಮಂಗಳೇಶನ ಕೈಗೆ ಬಂದಿತು. ಮುಂದೆ ಅವನು ಅದನ್ನು ಅಣ್ಣನ ಮಗನಾದ ಇಮ್ಮಡಿ ಪುಲಕೇಶಿಗೆ ಒಪ್ಪಿಸುವ ಬದಲು ತನ್ನ ಮಗನಿಗೆ ಉಳಿಸಲು ಯತ್ನಿಸಿದನು. ಪುಲಕೇಶಿ ಊರು ತೊರೆದನು, ಬಲ ಕೂಡಿಸಿದನು, 610ರ ಸುಮಾರಿಗೆ ಚಿಕ್ಕಪ್ಪನನ್ನು ಯುದ್ಧದಲ್ಲಿ ಗೆದ್ದನು. ಈ ಸಂಗತಿಯನ್ನು ನಮಗೆ ತಿಳಿಸುವುದು 634ರಲ್ಲಿ ರವಿಕೀರ್ತಿಯು ರಚಿಸಿದ ಐಹೊಳೆಯ ಮೇಗುಟಿ ದೇವಾಲಯದ ಶಾಸನ. ರವಿಕೀರ್ತಿ ಗೆದ್ದವನ ಆಶ್ರಯದ ಕವಿ ಎಂಬುದನ್ನು ಮಾತ್ರ ಮರೆಯದೆ ಓದಬೇಕು.

ನಮ್ಮ ಹಿಂದಿನ ರಾಜನೀತಿಜ್ಞರು ಅರಸನ ಬಲವನ್ನು ಮೂರಾಗಿ ಎಣಿಸಿದರು. ಬೊಕ್ಕಸ ಮತ್ತು ದಂಡಿನ ಬಲ ಪ್ರಭುಶಕ್ತಿ. ಆಲೋಚನೆಯ ಬಲ ಮಂತ್ರಶಕ್ತಿ. ಕೆಚ್ಚಿನ ಬಲ ಉತ್ಸಾಹಶಕ್ತಿ. ಈ ತಕ್ಕಡಿಯಲ್ಲೇ ಇಬ್ಬರನ್ನೂ ತೂಗಿ ನೋಡಬಹುದು.

ಮಂಗಳೇಶನ ಪ್ರಭುಶಕ್ತಿ ಸಾಮಾನ್ಯವಾದದ್ದಲ್ಲ. ಕಲಚೂರಿ ಬುದ್ಧರಾಜನನ್ನು ಸೋಲಿಸಿ ಅವನ ಐಶ್ವರ್ಯವನ್ನು ತಂದವನು ಅವನು. ಪಡುವಣ ಕಡಲ ತೀರದ ರೇವತೀದ್ವೀಪವನ್ನು ವಶಪಡಿಸಿಕೊಂಡವನು ಅವನು. ಮಹಾಕೂಟದ ಸ್ತಂಭಶಾಸನ ಅವನ ವೈಭವಕ್ಕೆ ಸಾಕ್ಷಿ. ಎತ್ತರದ ಬಂಡೆಗಳ ನಡುವಣ ಬಾದಾಮಿಯಂಥ ದುರ್ಗ ಕೈಯಲ್ಲಿತ್ತು. ಹತ್ತು ವರ್ಷಕ್ಕೂ ಮೀರಿದ ಆಳ್ವಿಕೆಯ ಅನುಭವವಿತ್ತು.

ಅವನ ದೌರ್ಬಲ್ಯ ಇದ್ದದ್ದು ಕೋಟೆಯ ಹೊರಗಲ್ಲ, ಒಳಗೆ. ತಮ್ಮನು ಅಣ್ಣನ ಮಗನ ಪರವಾಗಿ ಆಳುತ್ತಿದ್ದಾನೆ ಎನ್ನುವಷ್ಟು ಕಾಲ ಅವನ ಅಧಿಕಾರಕ್ಕೆ ನಂಬಿಕೆಯ ಆಧಾರವಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಂತೆ ತನ್ನ ಮಗನೇ ಮುದ್ದಾದ ದಿನ ಆ ಆಧಾರ ಕುಸಿಯಿತು. ಮಹಾಭಾರತದ ಧೃತರಾಷ್ಟ್ರನು ಜಾರಿದ ಮೆಟ್ಟಿಲೂ ಇದೇ ಅಲ್ಲವೇ? ಚಾಲುಕ್ಯ ಕುಲದವನೇ ಆದ ಸ್ವಾಮಿರಾಜನನ್ನೂ ಮಂಗಳೇಶನು ಕೊಂದನೆಂದು ನೇರೂರಿನ ತಾಮ್ರಪಟ ಹೇಳುತ್ತದೆ. ಸ್ವಕುಲದವರ ಮೇಲೆ ಕತ್ತಿ ಎತ್ತಬೇಕಾಗಿ ಬಂದ ಅರಸನಿಗೆ, ಮನೆಯೊಳಗೆ ಯಾರನ್ನು ನಂಬುವುದು ಎಂಬ ಚಿಂತೆ ತಪ್ಪದು.

ಇನ್ನು ಪುಲಕೇಶಿ. ಅವನಿಗೆ ಕೋಟೆಯಿಲ್ಲ, ಬೊಕ್ಕಸವಿಲ್ಲ. ಪರರ ನೆರವಿಲ್ಲದೆ ಹೆಜ್ಜೆ ಇಡುವಂತಿಲ್ಲ. ಇವು ಸಣ್ಣ ಕೊರತೆಗಳಲ್ಲ. ಆದರೆ ಹಿರಿಯಣ್ಣನ ಮಗನೆಂಬ ಹಕ್ಕು ಅವನ ಕಡೆಗಿತ್ತು. ಕಳೆದುಕೊಳ್ಳಲು ಏನೂ ಇಲ್ಲದವನ ಕೆಚ್ಚಿತ್ತು. ಬರಿಯ ಕೆಚ್ಚು ಸಾಕೆ? ಸಾಲದು ಎನ್ನುತ್ತಾನೆ ಕೌಟಿಲ್ಯ. ಅರ್ಥಶಾಸ್ತ್ರದ ಪ್ರಕಾರ ಉತ್ಸಾಹಕ್ಕಿಂತ ಪ್ರಭುಶಕ್ತಿ ಮೇಲು. ಪ್ರಭುಶಕ್ತಿಗಿಂತ ಮಂತ್ರಶಕ್ತಿ ಮೇಲು. ಐಹೊಳೆಯ ಶಾಸನ ಹೇಳುವುದೂ ಇದಕ್ಕೆ ಹೊಂದುತ್ತದೆ: ಮಂತ್ರ ಮತ್ತು ಉತ್ಸಾಹ ಎಂಬ ಎರಡು ಶಕ್ತಿಗಳ ಪ್ರಯೋಗದಿಂದ ಮಂಗಳೇಶನ ಬಲ ಕ್ಷೀಣಿಸಿತಂತೆ. ಮೂರನೆಯದನ್ನು ಕವಿ ಹೆಸರಿಸಿಲ್ಲ, ಗಮನಿಸಿ. ಅದು ಎದುರಾಳಿಯ ಬಳಿಯೇ ಇತ್ತು.

ಆ ಮಂತ್ರಶಕ್ತಿ ಎಂಥದೆಂಬುದು ಮುಂದಿನ ಒಂದು ಪ್ರಸಂಗದಿಂದ ತಿಳಿಯುತ್ತದೆ. ಕಲಹದ ಗೊಂದಲವನ್ನು ಕಂಡು ಅಪ್ಪಾಯಿಕ ಮತ್ತು ಗೋವಿಂದ ಎಂಬಿಬ್ಬರು ಆನೆಯ ದಂಡಿನೊಡನೆ ಭೀಮಾ ನದಿಯ ಕಡೆ ಮೇಲೆ ಬಿದ್ದರು. ಪುಲಕೇಶಿ ಇಬ್ಬರೊಡನೆಯೂ ಕಾದಾಡಿ ಶಕ್ತಿ ವ್ಯಯಿಸಲಿಲ್ಲ. ಒಬ್ಬನು ಭಯದ ರುಚಿ ಕಂಡನು. ಇನ್ನೊಬ್ಬನು ಉಪಕಾರ ಮಾಡಿ ಅದರ ಫಲವನ್ನು ಪಡೆದನು. ಇದೇ ಭೇದೋಪಾಯ.

ಇಷ್ಟಕ್ಕೇ ನಿಲ್ಲಿಸಿದರೆ ಜಾಣನು ಗೆದ್ದನು ಎಂಬ ಕಥೆಯಾದೀತು. ಆದರೆ ಲೆಕ್ಕದ ಮತ್ತೊಂದು ಪುಟವಿದೆ. ಮಂಗಳೇಶನು ಮಗನಿಗೆ ಬಯಸಿದ ಪಟ್ಟ, ತನ್ನ ರಾಜ್ಯ, ತನ್ನ ಪ್ರಾಣ, ಈ ಮೂರನ್ನೂ ಒಟ್ಟಿಗೇ ಕಳೆದುಕೊಂಡನು. ಗೆದ್ದವನಿಗೆ ದೊರೆತದ್ದಾದರೂ ಏನು? ಶತ್ರುಗಳೆಂಬ ಕತ್ತಲೆ ಕವಿದ ನಾಡು. ಬನವಾಸಿಯ ಕದಂಬರನ್ನೂ ಕೊಂಕಣದ ಮೌರ್ಯರನ್ನೂ ತಂದೆ ಕೀರ್ತಿವರ್ಮನು ಹಿಂದೆಯೇ ಅಡಗಿಸಿದ್ದನು. ಆದರೂ ಮಗನು ಬನವಾಸಿಗೆ ಮತ್ತೆ ಮುತ್ತಿಗೆ ಹಾಕಬೇಕಾಯಿತು, ಮೌರ್ಯರನ್ನು ಮತ್ತೆ ಬಗ್ಗಿಸಬೇಕಾಯಿತು. ಹರ್ಷವರ್ಧನನನ್ನೇ ತಡೆದ ಆ ಮಹಾವೀರನೂ ಮೊದಲು ಮಾಡಬೇಕಾದದ್ದು ಕಲಹದಿಂದ ಚದರಿದ ಪಿತ್ರಾರ್ಜಿತವನ್ನು ಒಟ್ಟುಗೂಡಿಸುವ ಕೆಲಸ. ಪಾಠವೂ ಬಹುಕಾಲ ಉಳಿಯಲಿಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು. ಪುಲಕೇಶಿಯ ಮಗ ವಿಕ್ರಮಾದಿತ್ಯನು ರಾಜ್ಯವನ್ನು ಮತ್ತೆ ನೆಲೆಗೊಳಿಸುವ ಹೊತ್ತಿಗೆ 655 ಬಂದಿತ್ತು.

ತಾವು ಬಾದಾಮಿಗೆ ಹೋದಾಗ ಮೂರನೆಯ ಗುಹೆಯಲ್ಲಿ ಒಂದು ಗಳಿಗೆ ನಿಲ್ಲಿರಿ. 578ರಲ್ಲಿ ಅದನ್ನು ಕೊರೆಯಿಸಿದವನು ಇದೇ ಮಂಗಳೇಶ. ಅಲ್ಲಿಯ ಶಾಸನದಲ್ಲಿ ಅವನು ಆ ಕಾರ್ಯದ ಪುಣ್ಯವನ್ನು ಅಣ್ಣನಿಗೆ ಅರ್ಪಿಸಿದ್ದಾನೆ. ಅಣ್ಣನಿಗೆ ಪುಣ್ಯವನ್ನೇ ಧಾರೆಯೆರೆದ ಕೈಗೆ, ಅಣ್ಣನ ಮಗನಿಗೆ ರಾಜ್ಯ ಕೊಡುವುದು ಭಾರವಾಯಿತು. ಅವನು ಹುಟ್ಟಾ ದುಷ್ಟನಾಗಿರಲಿಲ್ಲ. ಇದನ್ನು ತಿಳಿದಾಗಲೇ ಕಥೆ ನಮಗೆ ಹತ್ತಿರವಾಗುವುದು.

ಹುಡುಗನು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಗೆದ್ದೋನೂ ಅವರಪ್ಪ ಗೆದ್ದಿದ್ದನ್ನೇ ಮತ್ತೆ ಗೆಲ್ಲಬೇಕಾಯ್ತು ಅನ್ನಿ, ಸಾರ್" ಎಂದನು. "ಇದನ್ನು ಮನೆಯಲ್ಲಿಯೂ ಹೇಳಪ್ಪ" ಎಂದೆ.