ನೀಲಿ ಅನ್ನಕ್ಕೆ ನಿಂಬೆ ಹಿಂಡಿದಾಗ

ತಟ್ಟೆಯಲ್ಲಿನ ಅನ್ನ ನೀಲಿ ಬಣ್ಣದ್ದಾಗಿದ್ದರೆ ನಮ್ಮವರು ಕೈತೊಳೆದು ಎದ್ದುಬಿಡುವುದೇ ಹೆಚ್ಚು. ಮಲೇಷ್ಯಾದ ಕೆಲಾಂತಾನ್ ರಾಜ್ಯದವರಿಗಾದರೋ ಅದು ನಿತ್ಯದ ಊಟ. ‘ನಾಸಿ ಕೆರಾಬು’ ಎಂದು ಅದರ ಹೆಸರು. ನಾಸಿ ಎಂದರೆ ಅನ್ನ. ಅದಕ್ಕೆ ಆ ನೀಲಿ ಬಂದಿರುವುದು ಯಾವ ಕಾರ್ಖಾನೆಯ ಬಣ್ಣದಿಂದಲೂ ಅಲ್ಲ, ನಮ್ಮ ಹಿತ್ತಲ ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದಿಂದ. ಹೂವನ್ನು ನೀರಿನಲ್ಲಿ ಕಿವುಚಿ, ಆ ನೀರಿನಲ್ಲಿ ಅಕ್ಕಿ ಬೇಯಿಸುತ್ತಾರೆ. ಬಡಿಸಿದ ಅನ್ನಕ್ಕೆ ನಿಂಬೆಯ ಹೋಳು ಹಿಂಡಿದರೆ ರಸ ಬಿದ್ದಲ್ಲೆಲ್ಲ ನೀಲಿ ಮಾಯವಾಗಿ ನೇರಳೆ ಬಣ್ಣ ಮೂಡುತ್ತದೆ! ಹೂವಿನಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯಕ್ಕೆ ಆಮ್ಲ ತಾಗಿದಾಗ ಆಗುವ ಬದಲಾವಣೆ ಇದು. ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವ ನಮ್ಮ ತಾಯಂದಿರು ಇದೇ ಜಾತಿಯ ಪ್ರಯೋಗವನ್ನು ಪ್ರತ್ಯಾಮ್ಲ ಬಳಸಿ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಇಂಥ ಊಟವನ್ನು ಅದರ ಪರಿಸರದ ಸಮೇತ ಉಣಬಡಿಸುತ್ತೇವೆ ಎನ್ನುವ ಉಪಾಹಾರ ಮಂದಿರಗಳು ಕ್ವಾಲಾಲಂಪುರದಂಥ ದೊಡ್ಡ ಊರುಗಳಲ್ಲಿವೆ. ಹಳ್ಳಿಗೆ ಮಲಯ ಭಾಷೆಯಲ್ಲಿ ‘ಕಂಪೊಂಗ್’ ಎನ್ನುತ್ತಾರೆ. ಪೇಟೆಯ ನಡುವೆ ಕಂಪೊಂಗಿನ ಮನೆ ಕಟ್ಟುವುದೇ ಇವುಗಳ ಬಂಡವಾಳ. ಕಂಬಗಳ ಮೇಲೆ ಎತ್ತರಿಸಿದ ಮರದ ಮನೆ, ಕಡಿದಾದ ಮಾಡು, ಗಾಳಿಯಾಡಲು ಕೊರೆದ ಹೂಬಳ್ಳಿಯ ಜಾಲಂಧ್ರ. ನೆಲದಿಂದ ಮನೆಯನ್ನು ಎತ್ತಿಟ್ಟದ್ದು ಚೆಂದಕ್ಕಲ್ಲ. ಸದಾ ಮಳೆ ಸುರಿಯುವ ನಾಡಿನಲ್ಲಿ ಪ್ರವಾಹ, ಹಾವು, ತೇವ ಇವುಗಳಿಂದ ರಕ್ಷಣೆಗೆ. ಕೆಳಗಿನಿಂದ ಗಾಳಿ ನುಸುಳಿ ಮನೆ ತಂಪಾಗಿರುತ್ತಿತ್ತು. ಈಗಿನ ಹೋಟೆಲು ಆ ಜಾಲಂಧ್ರಗಳಿಗೆ ಗಾಜು ಹಾಕಿ ಒಳಗೆ ಹವಾನಿಯಂತ್ರಣ ಯಂತ್ರ ಕೂರಿಸಿರುತ್ತದೆ ಎಂಬುದು ಬೇರೆ ಮಾತು.

ಊಟ ಚಾಪೆಯ ಮೇಲೆ. ಗಂಡಸರು ಚಕ್ಕಳಮಕ್ಕಳ ಹಾಕಿ, ಹೆಂಗಸರು ಎರಡೂ ಕಾಲುಗಳನ್ನು ಒಂದೇ ಕಡೆಗೆ ಮಡಿಸಿ ಕೂರುವುದು ಸಂಪ್ರದಾಯ. ಮಂಡಿನೋವಿನವರಿಗೆ ಮೇಜು ಕುರ್ಚಿಯೂ ಉಂಟು. ಮುಚ್ಚಿಟ್ಟ ಪದಾರ್ಥಗಳ ಮೇಲೆ ಕೇದಗೆ ಜಾತಿಯ ಗಿಡದ ಎಲೆಯಿಂದ ಹೆಣೆದ ಶಂಕುವಿನಾಕಾರದ ಮುಚ್ಚಳ. ಅದು ‘ತುಡುಂಗ್ ಸಾಜಿ’. ನೊಣ ಬಾರದಂತೆ, ಬಿಸಿ ಪದಾರ್ಥ ಬೆವರದಂತೆ ಎರಡೂ ಕೆಲಸ ಮಾಡುವ ಅಗ್ಗದ ಸಾಧನ. ಕೈ ತೊಳೆಯಲು ಕೊಕ್ಕಿನ ಹೂಜಿಯಲ್ಲಿ ನೀರು. ಆ ಹೂಜಿಗೆ ‘ಕೆಂಡಿ’ ಎಂದು ಹೆಸರು. ನಮ್ಮ ಸಂಸ್ಕೃತದ ‘ಕುಂಡಿಕಾ’ ಸಮುದ್ರ ದಾಟಿ ಹಾಗಾಗಿದೆ.

ದಾಟಿದ್ದು ಅದೊಂದೇ ಪದವೂ ಅಲ್ಲ. ಮಲಯರಿಗೆ ರುಚಿ ಎಂದರೆ ‘ರಾಸಾ’, ಜೇನು ‘ಮಾದು’, ಬೀಜ ‘ಬಿಜಿ’, ಸಕ್ಕರೆ ‘ಗುಲಾ’, ಉಪವಾಸ ‘ಪುವಾಸಾ’. ಇಸ್ಲಾಂ ಅಲ್ಲಿಗೆ ಬರುವುದಕ್ಕೂ ಮೊದಲಿನ ನಂಟು ಇದು. ರಂಜಾನಿನ ಉಪವಾಸಕ್ಕೂ ಅವರು ಇಂದಿಗೂ ಹೇಳುವುದು ಪುವಾಸಾ ಎಂದೇ. ಎದುರು ಸಿಕ್ಕವರನ್ನು ‘ಸುಡಾ ಮಾಕಾನ್?’ ಎಂದು ಕೇಳುತ್ತಾರೆ. ‘ಊಟ ಆಯ್ತಾ?’ ಎಂದು ಕೇಳುವ ಕನ್ನಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ತಟ್ಟೆಯ ಒಂದು ಮಗ್ಗುಲಿಗೆ ಹಸಿ ಸೊಪ್ಪಿನ ಕಟ್ಟು ಇರುತ್ತದೆ. ಇದಕ್ಕೆ ‘ಉಲಾಂ’ ಎನ್ನುತ್ತಾರೆ. ಅದರಲ್ಲೊಂದು ಎಲೆ ಪರಿಚಿತವಾಗಿ ಕಂಡರೆ ಆಶ್ಚರ್ಯವಿಲ್ಲ: ಅಲ್ಲಿನ ‘ಪೆಗಾಗಾ’ ನಮ್ಮ ಮಲೆನಾಡಿನವರು ತಂಬುಳಿ ಮಾಡುವ ಒಂದೆಲಗವೇ. ಮೀನಿನ ಸಾರಿಗೆ ಹುಳಿಯಾಗಿ ಹಾಕುವ ಒಣ ಹೋಳು ‘ಆಸಾಂ ಕೆಪಿಂಗ್’ ನಮ್ಮ ಮುರುಗಲು, ಉಪ್ಪಾಗೆಗಳ ಕುಲದ ಮರದ್ದು. ಅನ್ನಕ್ಕೂ ಸಿಹಿಗೂ ಪರಿಮಳ ಕೊಡುವ ‘ಪಾಂಡಾನ್’ ಎಲೆ ಕೇದಗೆಯ ಹತ್ತಿರದ ಬಂಧು. ಆ ಎಲೆಯ ಸುವಾಸನೆಗೆ ಕಾರಣವಾದ ರಾಸಾಯನಿಕವೇ ಬಾಸ್ಮತಿ ಅಕ್ಕಿಯ ಪರಿಮಳದಲ್ಲೂ ಇರುವುದು. ಬಡವರ ಮನೆಯ ಸಾದಾ ಅಕ್ಕಿಗೆ ಎರಡು ಎಲೆ ಗಂಟು ಹಾಕಿ ಹಾಕಿದರೆ ಶ್ರೀಮಂತರ ಅಕ್ಕಿಯ ವಾಸನೆ ಬರುತ್ತದೆ ಎಂದಾಯಿತು!

ಆದರೆ ಈ ಊಟದ ರಾಜ ‘ರೆಂಡಾಂಗ್’. ಮೂಲತಃ ಇದು ಸುಮಾತ್ರಾ ದ್ವೀಪದ ಮಿನಾಂಗ್‌ಕಬಾವು ಜನರದು. ಅವರು ವಲಸೆ ಬಂದು ನೆಲೆಸಿದ ನೆಗೆರಿ ಸೆಂಬಿಲಾನ್ ರಾಜ್ಯದಲ್ಲಿ ಇದರ ಖ್ಯಾತಿ ಹೆಚ್ಚು. ಮಾಂಸವನ್ನು ತೆಂಗಿನ ಹಾಲು, ಮೆಣಸಿನಕಾಯಿ, ಮಜ್ಜಿಗೆ ಹುಲ್ಲು, ಶುಂಠಿಯ ದಾಯಾದಿಯಾದ ‘ಲೆಂಗ್ಕುವಾಸ್’ ಇವುಗಳೊಂದಿಗೆ ಗಂಟೆಗಟ್ಟಲೆ ಕುದಿಸುತ್ತಾರೆ. ಇಲ್ಲಿ ಭೌತಶಾಸ್ತ್ರದ ಸೊಗಸಾದ ಪಾಠವೊಂದಿದೆ. ನೀರಿನಂಶ ಇರುವವರೆಗೆ ಪಾತ್ರೆಯ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಬೆಂಕಿ ಎಷ್ಟೇ ಹಾಕಿದರೂ ಆ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ಮಾಂಸ ಮೆತ್ತಗಾಗುವುದು ಈ ಹಂತದಲ್ಲಿ. ನೀರು ಆರಿದ ಮೇಲೆ ಉಳಿಯುವುದು ತೆಂಗಿನ ಹಾಲಿನಿಂದ ಬಿಟ್ಟ ಎಣ್ಣೆ. ಆಗ ಉಷ್ಣತೆ ಒಮ್ಮೆಲೇ ಏರಿ, ಅದೇ ಪಾತ್ರೆಯಲ್ಲಿ ಅದೇ ಎಣ್ಣೆಯಲ್ಲಿ ಮಾಂಸ ಹುರಿದು ಕಂದು ಬಣ್ಣಕ್ಕೆ ತಿರುಗುತ್ತದೆ. ಪಾಶ್ಚಾತ್ಯರು ಮೊದಲು ಹುರಿದು ಆಮೇಲೆ ಬೇಯಿಸುತ್ತಾರೆ; ಇಲ್ಲಿ ಮೊದಲು ಬೇಯಿಸಿ ಆಮೇಲೆ ಹುರಿಯುವುದು. ನೀರು ಆರಿರುವುದರಿಂದ ಬೇಗ ಹಳಸುವುದಿಲ್ಲ. ಶೀತಪೆಟ್ಟಿಗೆ ಇಲ್ಲದ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಬುತ್ತಿ ಇರಲಾರದು.

2018ರಲ್ಲಿ ಬ್ರಿಟನ್ನಿನ ದೂರದರ್ಶನದ ಅಡುಗೆ ಸ್ಪರ್ಧೆಯೊಂದರಲ್ಲಿ ಮಲೇಷ್ಯಾ ಮೂಲದ ಮಹಿಳೆ ಮಾಡಿದ ಕೋಳಿ ರೆಂಡಾಂಗಿನ ಚರ್ಮ ಗರಿಗರಿಯಾಗಿಲ್ಲವೆಂದು ತೀರ್ಪುಗಾರರೊಬ್ಬರು ಹೇಳಿದರು. ಆಕೆ ಸ್ಪರ್ಧೆಯಿಂದ ಹೊರಬಿದ್ದರು. ನಿಧಾನವಾಗಿ ಬೆಂದ ಪದಾರ್ಥ ಗರಿಗರಿಯಾಗುವುದಾದರೂ ಹೇಗೆ? ಮಲೇಷ್ಯಾ ಕೆರಳಿತು, ಇಂಡೋನೇಷ್ಯಾ ಕೆರಳಿತು. ಚುನಾವಣೆಯ ಹೊಸ್ತಿಲಲ್ಲಿದ್ದ ಪ್ರಧಾನಿ ನಜೀಬ್ ರಜಾಕ್ ಕೂಡ ಆ ವಿವಾದದಲ್ಲಿ ಮಾತು ಸೇರಿಸಿದರು. ರೆಂಡಾಂಗ್ ಯಾರದೆಂದು ಜಗಳವಾಡುತ್ತಿದ್ದ ನೆರೆಹೊರೆಯವರನ್ನು ಒಂದು ತಪ್ಪು ತೀರ್ಪು ಒಂದು ಮಾಡಿತ್ತು.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಬರೀ ತರಕಾರಿಯ ಪಲ್ಯವೆಂದು ನಂಬಿ ಕೈಹಾಕಬೇಡಿ. ಸಣ್ಣ ಸಿಗಡಿಯನ್ನು ಉಪ್ಪು ಹಾಕಿ ಹುದುಗಿಸಿ, ಒಣಗಿಸಿ ಅಚ್ಚು ಮಾಡಿದ ‘ಬೆಲಾಚಾನ್’ ಮಲಯ ಅಡುಗೆಯ ಬೆನ್ನೆಲುಬು. ಚಟ್ನಿಯಲ್ಲಿ, ಸೊಪ್ಪಿನಲ್ಲಿ, ಎಲ್ಲೆಲ್ಲೂ ಅದು ಕಾಣದಂತೆ ಇರುತ್ತದೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ‘ನಾಸಿ ಲೆಮಾಕ್’ ಅನ್ನವೇನೋ ಸಸ್ಯಾಹಾರವೇ. ಅದರ ಪಕ್ಕದಲ್ಲಿ ಪುಟ್ಟ ಒಣಮೀನು ಕಾದಿರುತ್ತದೆ. ಬಾಯಿಬಿಟ್ಟು ಕೇಳಿಯೇ ತಿನ್ನುವುದು ಕ್ಷೇಮ.

ಈ ಬೆಲಾಚಾನಿನ ವಾಸನೆಯೇ ಇಂಥ ಹೋಟೆಲುಗಳ ಧರ್ಮಸಂಕಟವೂ ಹೌದು. ಅದನ್ನು ಸುಟ್ಟರೆ ಓಣಿಗೆಲ್ಲ ಗೊತ್ತಾಗುತ್ತದೆ. ಮೀನನ್ನು ಹುದುಗಿಸಿದ ‘ಬುಡು’, ಡೂರಿಯನ್ ಹಣ್ಣನ್ನು ಹುದುಗಿಸಿದ ‘ತೆಂಪೊಯಾಕ್’ ಇನ್ನೂ ಒಂದು ಕೈ ಮೇಲು. ಹೊರನಾಡಿನ ಪ್ರವಾಸಿಗೆ ಇವನ್ನು ಬಡಿಸಿದರೆ ಮೂಗು ಮುಚ್ಚಿಕೊಂಡಾನು. ಬಡಿಸದಿದ್ದರೆ ಅದು ಕಂಪೊಂಗಿನ ಊಟವೇ ಅಲ್ಲ. ಹಾಗಾಗಿ ಕೆಲವು ಕಡೆ ಖಾರ ಇಳಿಸಿ, ವಾಸನೆ ಇಳಿಸಿ, ಬದಲಿಗೆ ಜರಿಬಟ್ಟೆ ತೊಟ್ಟವರ ನೃತ್ಯವನ್ನೂ ತಾಳವಾದ್ಯವನ್ನೂ ಏರಿಸುತ್ತಾರೆ. ಕುಣಿತ ಚೆನ್ನಾಗಿಯೇ ಇರಬಹುದು. ಆದರೆ ಊಟದ ಸಪ್ಪೆಯನ್ನು ಸಂಗೀತದಿಂದ ಮುಚ್ಚಲಾಗದು.

ಹಾಗೆಂದು ಈ ಹೋಟೆಲುಗಳನ್ನು ಬರೀ ಪ್ರವಾಸಿಗರ ಬಲೆ ಎಂದು ತಳ್ಳಿಹಾಕುವುದು ಅನ್ಯಾಯ. ರಂಜಾನಿನ ಸಂಜೆಗಳಲ್ಲಿ ಇಲ್ಲಿ ಉಪವಾಸ ಬಿಡಲು ಬರುವವರು ಊರಿನ ಮಲಯ ಕುಟುಂಬಗಳೇ. ಗಂಡಹೆಂಡಿರಿಬ್ಬರೂ ದುಡಿಯುವ ಬಹುಮಹಡಿ ಮನೆಯಲ್ಲಿ ತೆಂಗಿನಕಾಯಿ ತುರಿದು, ಹುರಿದು, ಒರಳಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟಿ ‘ಕೆರಿಸಿಕ್’ ಮಾಡಲು ಪುರುಸೊತ್ತು ಯಾರಿಗಿದೆ? ಅಜ್ಜಿಯ ಒರಳು ಸುಮ್ಮನಾದ ಮೇಲೆ ಆ ರುಚಿ ಮೊಮ್ಮಕ್ಕಳಿಗೆ ಸಿಕ್ಕುವುದು ದುಡ್ಡು ಕೊಟ್ಟಾಗ ಮಾತ್ರ. ರುಚಿಯೇನೋ ಸಿಕ್ಕೀತು, ಮಾಡುವ ಕೈ? ನಾಸಿ ಲೆಮಾಕ್ ಮೊದಲಾದವುಗಳನ್ನೊಳಗೊಂಡ ಮಲೇಷ್ಯಾದ ಬೆಳಗಿನ ಉಪಾಹಾರದ ಸಂಸ್ಕೃತಿಯನ್ನು ಯುನೆಸ್ಕೊ 2024ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಒರಳಿನ ಮುಂದೆ ಕೂರುವವರನ್ನು ಯಾವ ಪಟ್ಟಿಯೂ ಹುಟ್ಟಿಸಲಾರದು.

ಕೊನೆಗೆ ಬರುವ ಸಿಹಿ ‘ಸಾಗು ಗುಲಾ ಮಲಾಕಾ’. ಸಬ್ಬಕ್ಕಿಯ ಮೇಲೆ ತೆಂಗಿನ ಹಾಲು, ಅದರ ಮೇಲೆ ತೆಂಗಿನ ಹೊಂಬಾಳೆಯ ನೀರಾದಿಂದ ಕಾಯಿಸಿದ ಕಪ್ಪು ಬೆಲ್ಲದ ಪಾಕ. ಅಸಲಿ ಸಾಗು ಎಂದರೆ ಒಂದು ಜಾತಿಯ ತಾಳೆಮರದ ಕಾಂಡವನ್ನು ಸೀಳಿ ತೆಗೆದ ಹಿಟ್ಟು. ಸರವಾಕ್ ಪ್ರಾಂತ್ಯದಲ್ಲಿ ಈಗಲೂ ತೆಗೆಯುತ್ತಾರೆ. ನಮ್ಮ ಅಂಗಡಿಯ ಸಬ್ಬಕ್ಕಿ ಮರಗೆಣಸಿನದು. ಹೋಟೆಲಿನ ಬಟ್ಟಲಲ್ಲಿರುವುದು ಯಾವುದೆಂದು ಬಡಿಸುವ ಹುಡುಗನನ್ನು ಕೇಳಿ ನೋಡಬಹುದು. ಬೆಲ್ಲದ ಪಾಕ ಮಾತ್ರ ಇನ್ನೊಂದು ಚಮಚ ಹಾಕಿಸಿಕೊಳ್ಳಲು ಮರೆಯಬಾರದು.